ಎದುರುಮನೆಯ ದಾರಂದ

ಒಡವೆಯ ಮೇಲೆ, ಸೀರೆಯ ಮೇಲೆ, ಪಕ್ಕದ ತರಗತಿಯ ಫಲಿತಾಂಶದ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಾಗಿಲಿನ ಚೌಕಟ್ಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬಳೇ. ನಮ್ಮ ಕಡೆ ಆ ಚೌಕಟ್ಟನ್ನು ದಾರಂದ ಎನ್ನುತ್ತಾರೆ. ನನ್ನ ಕಣ್ಣು ಕುಕ್ಕಿದ ದಾರಂದವು ಬಹ್ರೈನಿನ ಮಾಹೂಝ್‌ನಲ್ಲಿ, ನಾವಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ಸರಿಯಾಗಿ ಎದುರಿಗಿತ್ತು. ನಡುವೆ ಲಿಫ್ಟಿನ ಮುಂದಿನ ಸಣ್ಣ ಓಣಿ. ಅಷ್ಟೇ ದೂರ.

ಮದುವೆಗೆ ಮೊದಲೂ ಆಮೇಲೆ ಕೆಲವು ವರ್ಷವೂ ನಾನು ಕುಂದಾಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ವಿಭಕ್ತಿ ತಪ್ಪಿದರೆ ಮಕ್ಕಳನ್ನು ನಿಲ್ಲಿಸಿ ತಿದ್ದುತ್ತಿದ್ದೆ. ಮಕ್ಕಳ ಎದುರಿಗಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನೂ ತಿದ್ದುತ್ತಿದ್ದೆ. ಯಜಮಾನರಿಗೆ ಅಸ್ಕರ್‌ನ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ರಾಜೀನಾಮೆ ಕೊಟ್ಟು, ಆಗಿನ್ನೂ ಅಂಬೆಗಾಲಿಡುತ್ತಿದ್ದ ಮಗಳನ್ನು ಎತ್ತಿಕೊಂಡು ಅವರ ಹಿಂದೆ ಹೋದೆ. ಅದು ಎರಡು ಸಾವಿರದ ನಂತರದ ಆರಂಭದ ವರ್ಷಗಳ ಮಾತು. ತಿದ್ದುವುದಕ್ಕೆ ಯಾರೂ ಸಿಗದ ಊರಿನಲ್ಲಿ ನನ್ನ ವಿದ್ಯೆಯೆಲ್ಲ ಮನೆಯೊಳಗೇ ತಿರುಗಾಡತೊಡಗಿತು.

ಹೊಸ ಮನೆಯಲ್ಲಿ ನನಗೆ ಮೊದಲು ಕಂಡ ಕೊರತೆ ಹೊಸ್ತಿಲು. ಹೊಸ್ತಿಲೇ ಇಲ್ಲದ ಮನೆಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಇಲ್ಲಿ ಬಾಗಿಲಿನ ಬುಡದಲ್ಲಿ ಒಂದು ಕಪ್ಪು ಗ್ರಾನೈಟ್ ಪಟ್ಟಿ, ಅದೂ ನೆಲದ ಮಟ್ಟಕ್ಕೆ. ಎಲ್ಲಿ ಹೊರಗು ಮುಗಿಯಿತು, ಎಲ್ಲಿ ಒಳಗು ಮೊದಲಾಯಿತು ಎಂದು ಪಾದಕ್ಕೆ ಗೊತ್ತಾಗುತ್ತಲೇ ಇರಲಿಲ್ಲ. ನಮ್ಮ ಊರಿನಲ್ಲಿ ಹೆಂಗಸರು ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿ ಎಂಬ ಬಿಳಿ ಮಣ್ಣನ್ನು ಕದಡಿ, ಅದರಿಂದ ಎರಡು ಎಳೆ ಎಳೆದು, ನಡುವೆ ಚಿತ್ರ ಬಿಡಿಸುತ್ತಾರೆ. ಇದಕ್ಕೆ ಹೊಸ್ತಿಲು ಬರೆಯುವುದು ಎಂದೇ ಹೆಸರು. ನನಗೆ ಅಮ್ಮ ಕಲಿಸಿದ್ದರು. ಅಮ್ಮನಿಗೆ ಅವರ ಅತ್ತೆ. ಬಹ್ರೈನಿನಲ್ಲಿ ಶೇಡಿ ಎಲ್ಲಿಂದ ಬರಬೇಕು? ಮನಾಮಾದ ಹಳೆಯ ಪೇಟೆಯಲ್ಲಿ ಒಂದು ಪೆಟ್ಟಿಗೆ ಸೀಮೆಸುಣ್ಣ ಕೊಂಡುತಂದೆ. ಮೇಷ್ಟರಮ್ಮನ ಕೈಗೆ ಅದೇನೂ ಹೊಸದಲ್ಲ. ಪಟ್ಟಿಯನ್ನು ಒರೆಸಿ, ಒದ್ದೆಯಾಗಿರುವಾಗಲೇ ಎಳೆ ಎಳೆದರೆ ಒಣಗಿದ ಮೇಲೆ ಅಚ್ಚ ಬಿಳಿಯಾಗಿ ಏಳುತ್ತಿತ್ತು. ಕಪ್ಪು ಹಲಗೆಯ ಮೇಲೆ ಬರೆದ ಹಾಗೆಯೇ.

ಯಜಮಾನರು ರಾತ್ರಿಪಾಳಿ ಮುಗಿಸಿ ಬಂದು, ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ನನ್ನನ್ನು ದಾಟಲಾರದೆ ನಿಲ್ಲುತ್ತಿದ್ದರು.

“ಎಂತ ಮಾರಾಯ್ತಿ, ಆ ಕಲ್ಲಿಗೆ ದಿನಾ ಹಲ್ಲುಜ್ಜಿಸುವುದು ನೀನು!”

“ನೀವು ಒಂದು ನಿಮಿಷ ನಿಂತರೆ ಕಾರ್ಖಾನೆ ಮುಳುಗುವುದಿಲ್ಲ.”

“ನಾತೂರ್ ಬಂದು ಒರೆಸಿದ ಮೇಲೆ ಮುಳುಗುವುದು ನಿನ್ನ ಚಿತ್ತಾರವೇ.”

ನಾತೂರ್ ಎಂದರೆ ಕಟ್ಟಡದ ಕಾವಲುಗಾರ. ಆತ ಬೆಳಗಿನ ಹೊತ್ತು ಓಣಿಯನ್ನು ಒರೆಸುತ್ತ ಬರುವಾಗ ಅವನ ಒದ್ದೆ ಕೋಲುಬಟ್ಟೆ ನನ್ನ ಎಳೆಗಳ ಮೇಲೆ ಒಮ್ಮೆ ಹರಿದು ಹೋಗುತ್ತಿತ್ತು. ನಾನು ಬೈಯಲಿಲ್ಲ. ಮರುದಿನ ಮತ್ತೆ ಬರೆಯುತ್ತಿದ್ದೆ.

ಮಗಳು ಬೈಯದಿದ್ದರೂ ಕೇಳುತ್ತಿದ್ದಳು. ಅಷ್ಟರಲ್ಲಿ ಎಂಟು ವರ್ಷದ ಹುಡುಗಿ, ಇಂಗ್ಲಿಷ್ ಶಾಲೆ, ಮನೆಯಲ್ಲಿ ಕನ್ನಡ ಮಾತನಾಡಬೇಕೆಂದು ನನ್ನ ಕಟ್ಟಪ್ಪಣೆ.

“ಬಾ, ಒಂದು ಎಳೆ ಎಳೆ. ಕೈ ಹಿಡಿದು ತೋರಿಸುತ್ತೇನೆ.”

“ಅಂಕಲ್ ಒರೆಸ್ತಾರಲ್ಲ ಅಮ್ಮ. ವೈಪ್ ಮಾಡೋದನ್ನ ಯಾಕೆ ಬರೀಬೇಕು?”

“ನಾವು ಬರೆಯುವುದು ನಮಗಾಗಿ.”

“ನಮಗೆ ಬೇಡ ಅಂತಾದ್ರೆ?”

ಹೀಗೆಂದು ಅವಳು ಆ ಪಟ್ಟಿಯ ಮೇಲೇ ಶೂ ಇಟ್ಟು, ಸೀಮೆಸುಣ್ಣದ ಹೂವನ್ನು ತುಳಿದು, ಶಾಲೆಯ ಬಸ್ಸಿಗೆ ಓಡುತ್ತಿದ್ದಳು. ಆ ವರ್ಷಗಳಲ್ಲಿ ನನಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಮಗಳು ಒಂದು ದಿನ ತಾನಾಗಿ ಆ ಸೀಮೆಸುಣ್ಣವನ್ನು ಕೈಗೆತ್ತಿಕೊಳ್ಳಬೇಕು. ಹೊಸ್ತಿಲೇ ಇಲ್ಲದ ಈ ಮನೆಯ ಬಾಗಿಲನ್ನು ತನ್ನದೆಂದು ತಿಳಿಯಬೇಕು. ಬಲವಂತ ಮಾಡಿ ಬರೆಸಿದರೆ ಅದು ಕಾಪಿಪುಸ್ತಕವಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಕಾಯುತ್ತಿದ್ದೆ.

ಎದುರುಮನೆಯಲ್ಲಿ ಒಬ್ಬ ವಿಧವೆ ಮುದುಕಿ ಒಬ್ಬರೇ ಇದ್ದರು. ಬಹ್ರೈನಿನವರೇ, ಆದರೆ ಯೆಹೂದ್ಯರು. ಅವರ ಅಜ್ಜ ಇರಾಕಿನಿಂದ ಬಂದು ಮನಾಮಾದ ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದರಂತೆ. ತಂದೆ ಮುಂಬಯಿಯಿಂದ ಥಾನುಗಟ್ಟಲೆ ಬಟ್ಟೆ ತರಿಸುತ್ತಿದ್ದರಂತೆ. ಅಂಗಡಿಯ ಗುಮಾಸ್ತರಿಂದ ಕಲಿತ ಹಿಂದಿ ಅವರ ಬಾಯಲ್ಲಿ ಅರಬ್ಬಿಯ ಜೊತೆ ಬೆರೆತು ಓಡುತ್ತಿತ್ತು. ಲಿಂಗವಚನಗಳ ಹಂಗೇ ಇಲ್ಲದ ಆ ಹಿಂದಿಯನ್ನು ಕೇಳುವಾಗ ನನ್ನ ನಾಲಿಗೆ ತುರಿಸುತ್ತಿತ್ತು. ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮಗಳು ಅವರನ್ನು ಅಜ್ಜಿ ಎಂದು ಕರೆದಳು. ನಿಮ್ಮ ಭಾಷೆಯಲ್ಲಿ ನನ್ನನ್ನು ಏನೆಂದು ಕರೆಯಬೇಕು ಎಂದು ಅವರು ಕೇಳಿದ್ದಕ್ಕೆ ಇವಳು ಕಲಿಸಿಕೊಟ್ಟದ್ದು ಅದು. ನನ್ನ ಮಗಳು ತಾನಾಗಿ ಇನ್ನೊಬ್ಬರಿಗೆ ಕಲಿಸಿದ ಮೊದಲ ಕನ್ನಡ ಶಬ್ದ. ಊರಿನಲ್ಲಿದ್ದ ನನ್ನ ಅಮ್ಮನಿಗೆ ಸಲ್ಲಬೇಕಾದ ಆ ಶಬ್ದವು ಓಣಿ ದಾಟಿ ಹೋದದ್ದನ್ನು ನಾನು ಆಗಲೇ ಗುರುತಿಸಿಕೊಂಡೆ.

ದಾರಂದದ ಮೇಲಿದ್ದ ವಸ್ತುವನ್ನು ಕಂಡದ್ದು ಆಮೇಲೆ. ಯಾವುದೋ ಹಬ್ಬಕ್ಕೆ ಮಾಡಿದ ಕಡುಬಿನ ತಟ್ಟೆ ಹಿಡಿದುಕೊಂಡು ಅವರ ಬಾಗಿಲು ತಟ್ಟಿದೆ. ಬಾಗಿಲು ತೆರೆದಾಗ, ಒಳಗೆ ಹೋಗುವವರ ಬಲಗಡೆಗೆ, ನನ್ನ ಹೆಗಲಿಗಿಂತ ತುಸು ಮೇಲೆ, ಮರದ ದಾರಂದದ ದಪ್ಪದಲ್ಲಿ ಬೆರಳಿನಷ್ಟು ಉದ್ದದ ಒಂದು ಹಿತ್ತಾಳೆಯ ಕೊಳವೆ ನೆಟ್ಟಗೆ ನಿಂತಿತ್ತು. ಮೇಲೆ ಒಂದು ತಿರುಪು, ಕೆಳಗೆ ಒಂದು ತಿರುಪು. ಕೊಳವೆಯ ಮುಖದ ಮೇಲೆ ಮೂರು ಕವಲಿನ ಒಂದೇ ಅಕ್ಷರ. ಮುಟ್ಟಿ ಮುಟ್ಟಿ ಅದರ ಅಂಚುಗಳು ಸವೆದಿದ್ದವು.

ನನ್ನ ಹಿಂದೆ ಬಂದ ಮಗಳು, ಚಪ್ಪಲಿ ಬಿಟ್ಟವಳೇ, ಚಂಗನೆ ಹಾರಿ ಆ ಕೊಳವೆಯನ್ನು ಬೆರಳ ತುದಿಯಿಂದ ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಂಡು ಒಳಗೆ ಹೋದಳು. ದಿನಾ ಮಾಡಿ ರೂಢಿಯಾದವರು ಮಾಡುವ ಹಾಗೆ. ನನ್ನ ಕೈಯಲ್ಲಿ ತಟ್ಟೆ ಹಾಗೆಯೇ ಇತ್ತು.

“ಇದನ್ನು ನಾನು ಹೇಳಿಕೊಟ್ಟದ್ದಲ್ಲ ಟೀಚರ್,” ಎಂದರು ಖಾಲಾ, ನನ್ನ ಮುಖ ನೋಡಿ. “ನಾನು ಮಾಡುವುದನ್ನು ನೋಡಿ ತಾನೇ ಶುರು ಮಾಡಿದಳು. ನಿನಗೆ ಬೇಡ ಬೇಟಿ, ಇದು ನಮ್ಮದು ಅಂದೆ. ಕೇಳಬೇಕಲ್ಲ! ಹಾರುತ್ತಾಳೆ, ಮೊಲದ ಹಾಗೆ.”

ನೋಡಿ ಕಲಿತಳಂತೆ. ನನ್ನ ಬಾಗಿಲಲ್ಲಿ ವರ್ಷಾನುಗಟ್ಟಲೆ ನೋಡಿದ್ದರಿಂದ ಏನನ್ನೂ ಕಲಿಯದವಳು! ನನ್ನ ಎಳೆಗಳು ಅವಳ ಕಾಲಬುಡದಲ್ಲೇ ಇದ್ದವು, ಬಗ್ಗಿದರೆ ಸಾಕಿತ್ತು. ಬಗ್ಗದ ಹುಡುಗಿ ಇಲ್ಲಿ ಹಾರುತ್ತಿದ್ದಳು.

ಆ ದಿನ ಕುಳಿತು ಎಲ್ಲವನ್ನೂ ಕೇಳಿದೆ. ಶತ್ರುವನ್ನು ಸರಿಯಾಗಿ ತಿಳಿಯಬೇಕು ಎಂಬ ಭಾವವೇ ನನ್ನಲ್ಲಿತ್ತು. ಅದರ ಹೆಸರು ಮೆಜೂಜಾ ಎಂದರು. ಕೊಳವೆ ಬರಿಯ ಹೊದಿಕೆ. ಒಳಗೆ ಸುರುಳಿ ಸುತ್ತಿದ ತೊಗಲಿನ ಹಾಳೆ. ಅದರ ಮೇಲೆ ಶಾಸ್ತ್ರದ ಸಾಲುಗಳು. ದೇವರು ಒಬ್ಬನೇ ಎಂದು, ಮನಸ್ಸಿಟ್ಟು ಅವನನ್ನು ಪ್ರೀತಿಸಬೇಕೆಂದು, ಈ ಮಾತುಗಳನ್ನು ಮಕ್ಕಳಿಗೆ ಕಲಿಸಬೇಕೆಂದು, ಮನೆಯ ದಾರಂದಗಳ ಮೇಲೆ ಬರೆಯಬೇಕೆಂದು ಅದರಲ್ಲಿದೆಯಂತೆ. ಬಚ್ಚಲಮನೆಯೊಂದನ್ನು ಬಿಟ್ಟು ಎಲ್ಲ ಕೋಣೆಗಳ ಬಾಗಿಲಿಗೂ ಒಂದೊಂದು ಇತ್ತು.

“ಯಾವಾಗ ತೆಗೆದು ಓದುತ್ತೀರಿ?” ಎಂದು ಕೇಳಿದೆ.

“ಓದುವುದೇ? ಯಾರು ಓದುತ್ತಾರೆ! ಒಳಗಿದೆ, ಅಷ್ಟೇ. ಆಗೊಮ್ಮೆ ಈಗೊಮ್ಮೆ ತೆಗೆಸಿ ನೋಡಿಸಬೇಕು, ಅಕ್ಷರ ಸರಿಯಿದೆಯೋ ಇಲ್ಲವೋ ಅಂತ.”

“ಅಕ್ಷರ ತಪ್ಪಿದ್ದರೆ?”

“ಒಂದು ಅಕ್ಷರ ಒಡೆದಿದ್ದರೂ ಹಾಳೆ ಪೂರ್ತಿ ಹೋಯಿತು. ಒಂದಕ್ಕೊಂದು ತಾಗಿದ್ದರೂ ಹೋಯಿತು. ಬರೆಯುವವನು ಸಾಲುಗಳನ್ನು ಹಿಂದೆ ಮುಂದೆ ಮಾಡುವ ಹಾಗಿಲ್ಲ. ಇವೆಲ್ಲ ಕಲಿತವರ ಕೆಲಸ. ನಮ್ಮ ಬಹ್ರೈನಿನಲ್ಲಿ ಅಂಥವರಿಲ್ಲ.”

ಇಪ್ಪತ್ತು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಒಂದು ಒತ್ತಕ್ಷರಕ್ಕೆ ಅರ್ಧ ಅಂಕ ಕಡಿದರೆ ಪೋಷಕರು ಜಗಳಕ್ಕೆ ಬರುತ್ತಿದ್ದ ಕಾಲ ನೆನಪಾಯಿತು. ಇಲ್ಲಿ ನೋಡಿದರೆ, ಅಕ್ಷರಕ್ಕೆ ನನಗಿಂತ ಕಟ್ಟುನಿಟ್ಟಿನ ಒಂದು ಜನಾಂಗವೇ ಇದೆ, ಅವರು ಅದಕ್ಕಾಗಿ ಯಾರಿಂದಲೂ ಬೈಸಿಕೊಳ್ಳುತ್ತಿಲ್ಲ, ಬದಲಿಗೆ ಮುತ್ತಿಡುತ್ತಾರೆ. ಅದೂ ಓದದೆ! ಆ ರಾತ್ರಿ ಊಟಕ್ಕೆ ಕುಳಿತವಳು ಯಜಮಾನರಿಗೆ ಅದನ್ನೇ ಹೇಳಿದೆ.

“ನಿನಗೆ ಹೊಟ್ಟೆಕಿಚ್ಚು,” ಎಂದರು ಯಜಮಾನರು, ಮೀನುಸಾರಿನ ತಟ್ಟೆಯಿಂದ ತಲೆಯೆತ್ತದೆ.

“ನನಗೇಕೆ ಹೊಟ್ಟೆಕಿಚ್ಚು?”

“ಹಾಗಾದರೆ ಮೂರು ಸಲ ಅದೇ ಮಾತು ಹೇಳಿದ್ದು ಎಂತಕ್ಕೆ?”

ಮುಂದೆ ಸೋಣ ತಿಂಗಳು ಬಂತು. ನಮ್ಮ ಊರಿನಲ್ಲಿ ಮಳೆಗಾಲದ ಆ ತಿಂಗಳು ಹೊಸ್ತಿಲ ಪೂಜೆಯ ಕಾಲ. ಹೊಸ್ತಿಲಲ್ಲಿ ಒಬ್ಬ ಅಜ್ಜಿ ಇರುತ್ತಾಳೆ, ಮನೆಯನ್ನು ಕಾಯುತ್ತಾಳೆ ಎಂಬ ನಂಬಿಕೆ. ಹೊಸ್ತಿಲಜ್ಜಿ ಎಂದು ಅವಳ ಹೆಸರು. ದಿನವೂ ಅವಳಿಗೆ ಹೂವು, ಅರಸಿನ, ಕುಂಕುಮ, ಆರತಿ. ಹೊರಗೆ ಬಹ್ರೈನಿನ ಬಿಸಿಲು ಕಾರಿನ ಬಾಗಿಲನ್ನೂ ಮುಟ್ಟಗೊಡದ ಆ ದಿನಗಳಲ್ಲಿ, ಎಸಿಯ ತಂಪಿನಲ್ಲಿ ಕುಳಿತು ಸೋಣ ಮಾಡುವುದು ನನಗೂ ತುಸು ನಗೆಯ ವಿಷಯವೇ. ಆದರೂ ಮಾಡಿದೆ. ಈ ಸಲ ಮಗಳನ್ನು ಗೆಲ್ಲಬೇಕೆಂದು ಹೊಸ್ತಿಲಜ್ಜಿಯ ವಿಚಾರವನ್ನು ಆದಷ್ಟು ರಸವತ್ತಾಗಿ ಹೇಳಿದೆ. ಅವಳು ಬೆನ್ನು ಬಾಗಿದವಳು, ಒಬ್ಬಳೇ ಇರುವವಳು, ಬಾಗಿಲಲ್ಲಿ ಬಂದುಹೋಗುವವರನ್ನೆಲ್ಲ ನೋಡುವವಳು, ಮಕ್ಕಳೆಂದರೆ ಪ್ರಾಣ.

ಮಗಳು ಕಣ್ಣರಳಿಸಿ ಕೇಳಿದಳು. ಗೆದ್ದೆ ಎಂದುಕೊಂಡೆ.

“ಹಾಗಾದ್ರೆ ಎದುರುಮನೆ ಅಜ್ಜಿನೇ ಹೊಸ್ತಿಲಜ್ಜಿ! ಅಮ್ಮ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

ಯಜಮಾನರು ನಕ್ಕು ನಕ್ಕು ಕೆಮ್ಮಿದರು. ನಾನು ಕುಂಕುಮದ ಬಟ್ಟಲನ್ನು ಮುಚ್ಚಿ ಎತ್ತಿಟ್ಟೆ.

ಇದಾದ ಮೇಲೆ ಒಂದು ಘಟನೆ ನಡೆಯಿತು. ಮೇಲಿನ ಮಹಡಿಯ ಎಸಿಯಿಂದ ನೀರು ಹೋಗುವ ಕೊಳಾಯಿ ಕಟ್ಟಿಕೊಂಡು, ಗೋಡೆಯೊಳಗಿನಿಂದ ಇಳಿದ ನೀರು ಖಾಲಾ ಅವರ ಬಾಗಿಲ ದಾರಂದವನ್ನು ನೆನೆಸಿತು. ಮರ ಉಬ್ಬಿತು. ಮನೆಯ ಮಾಲೀಕ ಕೊಳಾಯಿಯನ್ನು ಸರಿಮಾಡಿಸಿದ, ಮರ ಒಣಗಿತು. ಆದರೆ ಹಿತ್ತಾಳೆಯ ಕೊಳವೆಯೊಳಗೆ ತೇವ ಹೋಗಿತ್ತು. ಖಾಲಾ ನನ್ನಿಂದಲೇ ತಿರುಪುಳಿ ತೆಗೆದುಕೊಂಡು, ಎರಡೂ ತಿರುಪನ್ನು ಬಿಚ್ಚಿ, ಸುರುಳಿಯನ್ನು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಡಿಸಿದರು. ನಾನು ಬಗ್ಗಿ ನೋಡಿದೆ. ಓದಲು ಬಾರದ ಅಕ್ಷರಗಳು; ಆದರೂ ಆ ಕೈಬರಹದ ಅಚ್ಚುಕಟ್ಟು ನನಗೆ ತಿಳಿಯದೇ ಹೋಗುತ್ತದೆಯೇ? ಎಲ್ಲ ಅಕ್ಷರಗಳೂ ಒಂದೇ ಗೆರೆಯಿಂದ ಕೆಳಕ್ಕೆ ಇಳಿಬಿದ್ದಿದ್ದವು. ಒಂದೂ ಇನ್ನೊಂದರ ಮೈಗೆ ತಾಗಿರಲಿಲ್ಲ. ನನ್ನ ಇಡೀ ವೃತ್ತಿಯಲ್ಲಿ ಅಂಥ ಒಂದು ಪುಟವನ್ನು ಯಾವ ವಿದ್ಯಾರ್ಥಿಯೂ ನನಗೆ ಬರೆದುಕೊಟ್ಟಿರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಮಸಿ ಬಿರುಕು ಬಿಟ್ಟಂತೆ ಕಂಡಿತು.

“ನೋಡಿಸಬೇಕು,” ಎಂದರು ಖಾಲಾ. ಅವರ ಸೋದರಳಿಯ ಲಂಡನ್ನಿಗೆ ಹೊರಟವನಿದ್ದ. ಅವನು ಅದನ್ನು ಲಕೋಟೆಯೊಳಗಿಟ್ಟು, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದ.

ದಾರಂದ ಬರಿದಾಯಿತು. ಕೊಳವೆಯಿದ್ದ ಜಾಗ ಮಾತ್ರ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿತ್ತು; ಮೇಲೊಂದು ಕೆಳಗೊಂದು ತೂತು. ನನಗೆ ನೆಮ್ಮದಿ ಆಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಖಾಲಾ ಕಸದ ಚೀಲ ಇಡಲು ಹೊರಗೆ ಬಂದು ಒಳಗೆ ಹೋಗುವಾಗ ಅವರ ಕೈ ತಾನಾಗಿ ಮೇಲೇಳುತ್ತಿತ್ತು. ಬರಿಯ ಮರಕ್ಕೆ ತಾಗಿ, ಎಲ್ಲಿ ಹೋಗಬೇಕೆಂದು ತಿಳಿಯದೆ, ತಲೆಯ ಮೇಲಿನ ವಸ್ತ್ರವನ್ನು ಸರಿಮಾಡಿಕೊಳ್ಳುತ್ತಿತ್ತು. ಮಗಳೂ ಹಾರುವುದನ್ನು ನಿಲ್ಲಿಸಿದಳು.

“ಅಜ್ಜಿ ಮನೆಗೆ ಈಗ ಯಾರೂ ಇಲ್ಲ,” ಎಂದಳು ಊಟಕ್ಕೆ ಕುಳಿತಾಗ.

“ಅಜ್ಜಿಯೇ ಇದ್ದಾರಲ್ಲ.”

“ಅದಲ್ಲ ಅಮ್ಮ. ಬಾಗಿಲಲ್ಲಿ.”

ಶುಕ್ರವಾರ ಬಂತು. ರಜೆಯ ದಿನ, ನಾನು ಏಳುವುದು ಸ್ವಲ್ಪ ತಡ. ಎದ್ದು ಪಟ್ಟಿ ಒರೆಸಲು ಹೊರಟು ನೋಡಿದರೆ ಸೀಮೆಸುಣ್ಣದ ಪೆಟ್ಟಿಗೆ ಅದರ ಜಾಗದಲ್ಲಿಲ್ಲ. ನನ್ನ ಮನೆಯಲ್ಲಿ ವಸ್ತುಗಳು ತಮ್ಮ ಜಾಗವನ್ನು ಬಿಟ್ಟು ಹೋಗುವುದಿಲ್ಲ. ಬಾಗಿಲು ತೆರೆದೆ.

ಮಗಳು ಎದುರುಮನೆಯ ಬಾಗಿಲಲ್ಲಿ, ನನ್ನ ಹಾಗೆಯೇ ಕುಕ್ಕರಗಾಲಿನಲ್ಲಿ ಕುಳಿತು, ಆ ಮನೆಯ ಕಪ್ಪು ಪಟ್ಟಿಯ ಮೇಲೆ ಬರೆಯುತ್ತಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆ. ಮೊದಲು ಒರೆಸಿದ್ದಳು, ಒದ್ದೆಯಿರುವಾಗಲೇ ಎಳೆದಿದ್ದಳು. ಎರಡು ಎಳೆ, ತುದಿಗಳಲ್ಲಿ ಕತ್ತರಿಗೆರೆ, ನಡುವೆ ಎಂಟು ಎಸಳಿನ ಹೂವು. ನನ್ನ ಅಮ್ಮನ ಹೂವು. ಎಳೆ ಎಲ್ಲೂ ಸೊಟ್ಟಗಿರಲಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ಬಾಗಿಲಿನ ಪಟ್ಟಿಯ ಎಡತುದಿಯಲ್ಲಿ ಗ್ರಾನೈಟ್ ಒಂದಿಷ್ಟು ಒಡೆದಿತ್ತು. ಅಲ್ಲಿ ಸೀಮೆಸುಣ್ಣ ಹಿಡಿಯುತ್ತಿರಲಿಲ್ಲವಾದ್ದರಿಂದ ನಾನು ಆ ಜಾಗಕ್ಕೆ ಬಂದಾಗ ಕೈಯೆತ್ತಿ, ಒಂದು ಬೆರಳಷ್ಟು ಬಿಟ್ಟು, ಮತ್ತೆ ಎಳೆಯುತ್ತಿದ್ದೆ. ಎದುರುಮನೆಯ ಕಲ್ಲು ಒಡೆದಿರಲಿಲ್ಲ. ಆದರೂ ಮಗಳು ಎಡತುದಿಗೆ ಬಂದಾಗ ಕೈಯೆತ್ತಿದಳು, ಒಂದು ಬೆರಳಷ್ಟು ಬಿಟ್ಟಳು, ಮತ್ತೆ ಎಳೆದಳು.

ಆಗ ನನಗಾದದ್ದಕ್ಕೆ ಸಂತೋಷ ಎಂದು ಹೆಸರಿಡಲಾರೆ. ಇಷ್ಟು ವರ್ಷ ತುಳಿದುಕೊಂಡು ಹೋದವಳು ಎಲ್ಲವನ್ನೂ ನೋಡಿದ್ದಳು, ಕಲ್ಲಿನ ಮುರುಕನ್ನೂ ಸೇರಿಸಿ. ನನ್ನ ಕೈಯನ್ನು ಗೆರೆಗೆರೆಯಾಗಿ ಕಲಿತು, ಒಳಗೆ ಸುರುಳಿ ಸುತ್ತಿ ಇಟ್ಟುಕೊಂಡಿದ್ದಳು. ಮತ್ತು ಅದನ್ನು ಮೊದಲ ಬಾರಿಗೆ ಬಿಚ್ಚಿದ್ದು ಇನ್ನೊಬ್ಬರ ಬಾಗಿಲಲ್ಲಿ!

“ಏನು ಮಾಡುತ್ತಿದ್ದೀ?” ಎಂದೆ. ನನ್ನ ಸ್ವರ ತರಗತಿಯದಾಗಿತ್ತು.

“ಅಜ್ಜಿದು ವಾಪಸ್ ಬರೋ ತನಕ. ಬಾಗಿಲು ಖಾಲಿ ಇರಬಾರ್ದಲ್ಲ.”

ಮಾತು ಕೇಳಿ ಖಾಲಾ ಬಾಗಿಲು ತೆರೆದರು. ಮನೆಯಂಗಿಯ ಅಂಚು ಕಾಲಬುಡದಲ್ಲಿತ್ತು. ಕೆಳಗೆ ನೋಡಿದವರೇ ಹೆಜ್ಜೆಯನ್ನು ಹಿಂದಕ್ಕೆ ಎಳೆದುಕೊಂಡರು. ಮಗಳ ಮುಖದಲ್ಲಿ ಬಹುಮಾನಕ್ಕೆ ಕಾಯುವ ಕಳೆಯಿತ್ತು. ಖಾಲಾ ಅವಳನ್ನು ನೋಡಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದಾಗ ಆ ನಗುವಿರಲಿಲ್ಲ.

“ಟೀಚರ್, ಒಂದು ಮಾತು ಸತ್ಯ ಹೇಳಬೇಕು. ನೀವು ಸುಳ್ಳು ಹೇಳುವವರಲ್ಲ, ಅದಕ್ಕೇ ಕೇಳುತ್ತೇನೆ. ಇದು ಚಿತ್ರವೋ, ಪೂಜೆಯೋ?”

“ಯಾಕೆ?”

“ಚಿತ್ರವಾದರೆ ನನ್ನ ಬಾಗಿಲಿಗೆ ಇಷ್ಟು ಚಂದ ಮಾಡಿದವರೇ ಇಲ್ಲ. ಪೂಜೆಯಾದರೆ,” ಎಂದು ತಡೆದರು, “ನಮ್ಮಲ್ಲಿ ಆಗುವುದಿಲ್ಲ. ನಾನೇ ಒರೆಸಬೇಕಾಗುತ್ತದೆ. ಇವಳ ಎದುರಿಗೆ ಒರೆಸಲು ನನಗೆ ಮನಸ್ಸು ಬಾರದು.”

ಈಗ ನನ್ನ ಬಾಯಲ್ಲಿ ಒಂದೇ ಒಂದು ಶಬ್ದವಿತ್ತು. ಪೂಜೆ. ಅದನ್ನು ಆಡಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಸೋಣದಲ್ಲಿ ನಾನು ಅರಸಿನ ಕುಂಕುಮ ಇಟ್ಟು ಆರತಿ ಎತ್ತಿದ್ದನ್ನು ಓಣಿಯ ಆಚೆಯಿಂದ ಅವರೇ ಕಂಡಿದ್ದರು. ಆ ಶಬ್ದ ಹೊರಬಿದ್ದಿದ್ದರೆ ಅಜ್ಜಿಯ ಕೈಯೇ ಒದ್ದೆ ಬಟ್ಟೆಯಿಂದ ಆ ಹೂವನ್ನು ಒರೆಸುತ್ತಿತ್ತು, ಮಗಳು ನೋಡುತ್ತಿದ್ದಳು, ಮುಂದೆ ಅವಳು ಯಾವ ಬಾಗಿಲಿಗೆ ಬರುತ್ತಿದ್ದಳು ಎಂದು ಲೆಕ್ಕ ಹಾಕಲು ನನಗೆ ಎರಡು ಕ್ಷಣವೂ ಬೇಕಾಗಿರಲಿಲ್ಲ. ಹಾಕಿಯೇ ಹಾಕಿದೆ.

ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಬಲಗೈಯಲ್ಲಿ ಸೀಮೆಸುಣ್ಣದ ತುಂಡಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ನಾನು ಹಿಡಿಯುವ ಹಾಗೆಯೇ ಹಿಡಿದಿದ್ದಳು.

“ಕುಂಕುಮ ಇಡುವ ತನಕ ಇವು ಬರಿಯ ಗೆರೆಗಳು, ಖಾಲಾ,” ಎಂದೆ. “ನಮ್ಮ ಮನೆಯಲ್ಲಿ ಕೂಡ. ಇಟ್ಟ ಮೇಲೆ ಪೂಜೆ. ಇವಳು ಇಟ್ಟಿಲ್ಲ.”

“ಇಡುವುದಿಲ್ಲವಲ್ಲ?”

“ಇಡುವುದಿಲ್ಲ.”

“ಹಾಗಾದರೆ ಇರಲಿ, ಹಬೀಬ್ತಿ!” ಎಂದು ಮಗಳ ಕೆನ್ನೆ ಹಿಂಡಿದರು. ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎಳೆಗಳನ್ನು ತುಳಿಯದೆ, ಎತ್ತರದ ಹೊಸ್ತಿಲು ದಾಟುವವರ ಹಾಗೆ ಕಾಲೆತ್ತಿ ದಾಟಿ ಓಣಿಗೆ ಬಂದರು. ಸಮತಟ್ಟಾದ ನೆಲದಲ್ಲಿ ಆ ಮುದುಕಿ ಅಷ್ಟು ಎತ್ತರಕ್ಕೆ ಕಾಲೆತ್ತಿದ್ದನ್ನು ನೋಡಿ ಮಗಳು ಕಿಲಕಿಲ ನಕ್ಕಳು. ತಾನೂ ಹಾಗೆಯೇ ದಾಟಿದಳು. ಆಮೇಲೆ ಇತ್ತ ಬಂದು ನಮ್ಮ ಬಾಗಿಲನ್ನೂ ಹಾಗೆಯೇ ದಾಟಿದಳು. ಅಲ್ಲಿ ಆ ದಿನ ಏನೂ ಬರೆದಿರಲಿಲ್ಲ. ಸೀಮೆಸುಣ್ಣ ಅವಳ ಕೈಯಲ್ಲಿತ್ತಲ್ಲ.

ನಾನು ವರ್ಷಗಟ್ಟಲೆ “ತುಳಿಯಬೇಡ” ಎಂದು ಹೇಳಿದ್ದೆ. ಆ ಹೆಂಗಸು ಒಮ್ಮೆ ಕಾಲೆತ್ತಿದರು, ಮುಗಿಯಿತು.

ಮುಂದಿನ ದಿನಗಳಲ್ಲಿ ಬೆಳಗಿನ ವ್ಯವಸ್ಥೆಯೇ ಬದಲಾಯಿತು. ಮಗಳು ಎದ್ದು, ಹಲ್ಲುಜ್ಜಿ, ಪೆಟ್ಟಿಗೆ ತೆಗೆದುಕೊಂಡು ಎದುರುಮನೆಯ ಬಾಗಿಲು ಬರೆಯುತ್ತಿದ್ದಳು. ನಾನು ನಮ್ಮದನ್ನು ಬರೆಯುತ್ತಿದ್ದೆ. ಓಣಿಯ ಎರಡು ಬದಿಗಳಲ್ಲಿ, ಬೆನ್ನಿಗೆ ಬೆನ್ನು. ನನ್ನ ಎಳೆ ಮುಗಿದ ಮೇಲೆ ತಿರುಗಿ ನೋಡುತ್ತಿದ್ದೆ. ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ. ತಿದ್ದಲು ಏನಾದರೂ ಇದ್ದಿದ್ದರೆ ಆ ಕಡೆ ಹೋಗಲು ನನಗೊಂದು ನೆವವಾದರೂ ಸಿಗುತ್ತಿತ್ತು. ನಾತೂರ್ ಬಂದರೆ ಮಗಳು ಎದ್ದು ನಿಂತು, “ಅಂಕಲ್, ಅಜ್ಜಿದು ಒರೆಸ್ಬೇಡಿ,” ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು. ಆತ ಕೋಲುಬಟ್ಟೆಯನ್ನು ಸುತ್ತುಹಾಕಿ ಒಯ್ಯುತ್ತಿದ್ದ. ನಮ್ಮದನ್ನು ಎಂದಿನಂತೆ ಒರೆಸುತ್ತಿದ್ದ. ಅದರ ಬಗ್ಗೆ ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ಸೋದರಳಿಯ ಹಿಂತಿರುಗಿ ಬಂದ. ಹಳೆಯ ಹಾಳೆಯಲ್ಲಿ ಒಂದು ಅಕ್ಷರ ಬಿರುಕು ಬಿಟ್ಟದ್ದು ನಿಜವೇ. ಇನ್ನು ನಡೆಯುವುದಿಲ್ಲ ಎಂದರಂತೆ. ಹೊಸದನ್ನು ತಂದಿದ್ದ. ಖಾಲಾ ಅದನ್ನು ಹಿತ್ತಾಳೆಯ ಕೊಳವೆಯೊಳಗೆ ಸೇರಿಸಿ, ಬಾಯಲ್ಲಿ ಏನೋ ಹೇಳಿಕೊಂಡು, ಹಳೆಯ ತೂತುಗಳಿಗೇ ತಿರುಪು ಬಿಗಿದರು. ತಿರುಪುಳಿ ನಮ್ಮ ಮನೆಯದೇ. ಹಳೆಯ ಹಾಳೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

“ಮಣ್ಣು ಮಾಡುತ್ತೇವೆ. ನಮ್ಮವರ ಸ್ಮಶಾನದಲ್ಲಿ. ದೇವರ ಹೆಸರಿರುವ ಬರಹವನ್ನು ಎಸೆಯುತ್ತಾರೆಯೇ ಟೀಚರ್?”

ನಾನು ತಿದ್ದಿದ ಉತ್ತರಪತ್ರಿಕೆಗಳನ್ನು ಶಾಲೆಯ ಜವಾನ ಕಡಲೆಯಂಗಡಿಗೆ ತೂಕಕ್ಕೆ ಹಾಕುತ್ತಿದ್ದ. ಅದನ್ನು ಅವರಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಪೆಟ್ಟಿಗೆ ಹಿಡಿದು ಓಣಿಯಲ್ಲಿ ನಿಂತಳು. ಎದುರು ಬಾಗಿಲನ್ನು ನೋಡಿದಳು. ಕೊಳವೆ ತನ್ನ ಜಾಗದಲ್ಲಿ ಹೊಳೆಯುತ್ತಿತ್ತು. ತಿರುಗಿ ನಮ್ಮ ಬಾಗಿಲಿಗೆ ಬಂದು ನನ್ನ ಪಕ್ಕ ಕುಳಿತಳು.

“ಅಮ್ಮ, ಸರಿ. ಅಜ್ಜಿದು ಬಂತು. ಈಗ ನಮ್ದು ಮಾತ್ರ ಖಾಲಿ.”

ನಾನು ಎದ್ದು ಜಾಗ ಬಿಟ್ಟೆ. ಅವಳು ಬರೆದಳು, ಎಡತುದಿಯಲ್ಲಿ ಕೈಯೆತ್ತಿದಳು, ಅಲ್ಲಿ ಕಲ್ಲು ನಿಜವಾಗಿಯೂ ಒಡೆದಿತ್ತು. ಆ ದಿನದಿಂದ ನಮ್ಮ ಹೊಸ್ತಿಲು ಅವಳದಾಯಿತು. ನಾನು ಬೇಡಿದ್ದು ಅದನ್ನೇ. ಅದು ಸಿಕ್ಕಿದ್ದು ಮಾತ್ರ ಎದುರುಮನೆಗೆ ಬಡಿಸಿ ಮಿಕ್ಕಿದ ಮೇಲೆ. ಯಜಮಾನರು, “ಸಿಕ್ಕಿತಲ್ಲ, ಇನ್ನೆಂತ?” ಎಂದರು. ಇನ್ನೆಂತ ಎಂದು ವಿವರಿಸಲು ನನ್ನಲ್ಲಿ ವಾಕ್ಯಗಳಿದ್ದವು; ಅವರಿಗೆ ಪಾಳಿಯ ಬಸ್ಸು ಬಂದಿತ್ತು.

ಕೆಲವು ವರ್ಷಗಳು ಹೀಗೆಯೇ ಹೋದವು. ಮಗಳು ಹಾರದೆ, ಬರಿಯ ತುದಿಗಾಲಲ್ಲಿ, ಆಮೇಲೆ ತುದಿಗಾಲೂ ಇಲ್ಲದೆ, ಸುಮ್ಮನೆ ಕೈಚಾಚಿ ಆ ಕೊಳವೆಯನ್ನು ಮುಟ್ಟುವಷ್ಟು ಬೆಳೆದಳು. ಅಷ್ಟರಲ್ಲಿ ಖಾಲಾ ಹೊರದೇಶದಲ್ಲಿದ್ದ ತಮ್ಮ ಮಗಳ ಮನೆಗೆ ಹೊರಟುನಿಂತರು. ಮುಂದೆ ಬರುವವರು ತಮ್ಮವರಲ್ಲವೆಂದು ಗೊತ್ತಿದ್ದರೆ ದಾರಂದದ ಮೇಲೆ ಅದನ್ನು ಬಿಟ್ಟುಹೋಗುವಂತಿಲ್ಲವಂತೆ. ತಿರುಪುಳಿಯನ್ನು ಕೊನೆಯ ಬಾರಿಗೆ ನಮ್ಮಿಂದ ತೆಗೆದುಕೊಂಡರು. ಹೊರಡುವ ದಿನ ಮಗಳು ಅತ್ತಳು. ನಾನೂ ಅತ್ತೆ, ನನ್ನ ಅಳುವಿನಲ್ಲಿ ನೆಮ್ಮದಿಯ ಪಾಲು ಎಷ್ಟಿತ್ತೆಂದು ಕೇಳಬಾರದು.

ಆ ಮನೆಗೆ ಮಂಗಳೂರಿನ ಕ್ರೈಸ್ತ ದಂಪತಿಗಳು ಬಂದರು. ಆಕೆ ಆಸ್ಪತ್ರೆಯಲ್ಲಿ ದಾದಿ. ಒಂದು ವಾರದ ಮೇಲೆ ನಮ್ಮ ಬಾಗಿಲಿಗೆ ಬಂದು, “ಟೀಚರ್, ಒಂದು ವಿಷಯ ಕೇಳುವುದಾ? ನಿಮ್ಮ ಮಗಳು ಶಾಲೆಗೆ ಹೋಗುವಾಗ ನಮ್ಮ ದಾರಂದವನ್ನು ಮುಟ್ಟಿ ಮುತ್ತು ಕೊಡುವುದು ಎಂತಕ್ಕೆ?” ಎಂದರು.

ನಾನು ಹೋಗಿ ನೋಡಿದೆ. ಅಲ್ಲಿ ಏನಿರಬೇಕು? ಎರಡು ತೂತು, ನಡುವೆ ಬೆರಳುದ್ದದ ತಿಳಿಬಣ್ಣ. ನನ್ನನ್ನು ನೋಡಿ ಕಲಿತ ಹೊಸ್ತಿಲನ್ನು ಬರೆದು, ತುಳಿಯದೆ ದಾಟಿ, ಅದೇ ಸೀಮೆಸುಣ್ಣದ ಬೆರಳಿನಿಂದ ಅವಳು ಎದುರುಮನೆಯ ಎರಡು ತೂತುಗಳನ್ನು ಮುಟ್ಟಿ ತುಟಿಗೆ ಇಟ್ಟುಕೊಳ್ಳುತ್ತಿದ್ದಳು. ತಿಳಿಬಣ್ಣದ ಜಾಗದಲ್ಲಿ ಬಿಳಿಯ ಪುಡಿ ಅಂಟಿತ್ತು.

“ತೂತುಗಳು ಚಂದ ಕಾಣುವುದಿಲ್ಲ,” ಎಂದೆ ಆಕೆಗೆ. “ಮುಚ್ಚಿಸಿಬಿಡಿ.”

“ನಮಗೆಂತ ತೊಂದರೆ ಇಲ್ಲ ಟೀಚರ್. ನಿಮಗೆ ಬೇಕಾದರೆ ಮುಚ್ಚಿ.”

ಆ ಶುಕ್ರವಾರವೇ ಮನಾಮಾಕ್ಕೆ ಹೋಗಿ ಬಡಗಿಗಳು ತೂತು ಮುಚ್ಚಲು ಬಳಸುವ ಮರದ ಬಣ್ಣದ ಲಪ್ಪದ ಒಂದು ಟ್ಯೂಬ್ ತಂದೆ. ಮಗಳು ಸ್ನೇಹಿತೆಯ ಮನೆಗೆ ಹೋಗಿದ್ದಳು, ಎದುರುಮನೆಯವರು ಇಗರ್ಜಿಗೆ.

ಟ್ಯೂಬಿನ ಮುಚ್ಚಳ ತೆಗೆದು ಓಣಿಯಲ್ಲಿ ನಿಂತೆ. ಬಲಗಡೆಯ ದಾರಂದ ಮುಂದಿತ್ತು, ನಮ್ಮ ಹೊಸ್ತಿಲು ಬೆನ್ನ ಹಿಂದೆ. ಈ ಹುಡುಗಿ ಕೈಯೆತ್ತಿ ಮುಟ್ಟುವುದನ್ನು ಅಲ್ಲಿ ಕಲಿತಳು, ಕಾಲೆತ್ತುವುದನ್ನೂ ಅಲ್ಲಿಯೇ. ಬಗ್ಗುವುದನ್ನು ನನ್ನಲ್ಲಿ ಕಲಿತರೂ ಬಗ್ಗಿದ್ದು ಮೊದಲು ಅಲ್ಲಿ. ಇವನ್ನೆಲ್ಲ ಅವಳು ಒಂದೇ ನೂಲಿನಲ್ಲಿ ಕಟ್ಟಿಕೊಂಡಿದ್ದರೆ? ಅದರಲ್ಲಿ ಒಂದು ಗಂಟನ್ನು ನಾನು ಬಿಚ್ಚಿದೆನೆಂದರೆ ಉಳಿದದ್ದು ನಿಲ್ಲುತ್ತದೆಯೇ? ಆ ಅಪಾಯವನ್ನು ತೆಗೆದುಕೊಳ್ಳುವಷ್ಟು ದಡ್ಡಿ ನಾನಲ್ಲ. ಮುಚ್ಚಳವನ್ನು ತಿರುಗಿಸಿ ಹಾಕಿದೆ.

ನಾವು ಬಹ್ರೈನ್ ಬಿಡುವಾಗ ಸಾಮಾನು ಕಟ್ಟುತ್ತಿದ್ದ ಯಜಮಾನರಿಗೆ ಅಡುಗೆಮನೆಯ ಮೇಲಿನ ಖಾನೆಯಲ್ಲಿ, ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕ, ಆ ಟ್ಯೂಬ್ ಸಿಕ್ಕಿತು. ಒಳಗೆ ಕಲ್ಲಾಗಿತ್ತು.

“ಇದೆಂತದು ಮಾರಾಯ್ತಿ? ಒಂದು ಸಲವೂ ಬಳಸಿಲ್ಲವಲ್ಲ!”

“ಬಿಸಾಡಿ,” ಎಂದೆ. ಮಗಳು ಅಷ್ಟರಲ್ಲಿ ಬಾಗಿಲು ಬರೆದು ಮುಗಿಸಿ ಹೊರಗೆ ನಿಂತಿದ್ದಳು. ಅವಳ ಬೆನ್ನು ನಮ್ಮ ಕಡೆಗಿತ್ತು, ಕೈ ಎದುರುಮನೆಯ ದಾರಂದದ ಮೇಲೆ.